ಚಕ್ರದ ಮೇಲಿನ ಮನೆಯಲ್ಲಿ ನೀರಿನ ಲೆಕ್ಕ



ಈ ಸಲ ಬಂದ ಕಾಗದಗಳಲ್ಲಿ ಒಂದು ಕಾಗದ ಸ್ವಲ್ಪ ಬೇರೆ ಥರದ್ದು. ಬರೆದವರು ಶಿವಮೊಗ್ಗ ಜಿಲ್ಲೆಯ ಹಿರಿಯ ಗೃಹಿಣಿ. ಅಮೆರಿಕದಲ್ಲಿರುವ ಮಗನ ಮನೆಗೆ ಯಜಮಾನರೊಡನೆ ಹೊರಟಿದ್ದಾರೆ. ಮಗ ಅಲ್ಲಿ ವಾಹನದ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆಯೊಂದನ್ನು ಕೊಂಡಿದ್ದಾನಂತೆ. ಟ್ರಾವೆಲ್ ಟ್ರೈಲರ್ ಎಂದು ಅದರ ಹೆಸರು. ಮಗ, ಸೊಸೆ, ಇವರಿಬ್ಬರು, ಒಟ್ಟು ನಾಲ್ಕು ಜನ ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ಹತ್ತು ದಿನ ಗ್ರ್ಯಾಂಡ್ ಕ್ಯಾನ್ಯನ್ ಕಡೆ ಸುತ್ತಿಬರುವ ಏರ್ಪಾಟು. ಸಂತೋಷದ ಸಂಗತಿಯೇ. ಆದರೆ ಹೊರಡುವ ಮೊದಲೇ ಸೊಸೆ ಫೋನಿನಲ್ಲಿ ಒಂದು ಪಟ್ಟಿ ಒಪ್ಪಿಸಿದಳಂತೆ: "ಅತ್ತೆ, ಅಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯೋ ಹಾಗಿಲ್ಲ. ಎಣ್ಣೆ, ಹುಳಿ ಸಿಂಕಿಗೆ ಸುರಿಯೋ ಹಾಗಿಲ್ಲ. ಸ್ನಾನ ಬೇಗ ಮುಗಿಸಬೇಕು. ಕಕ್ಕಸಿನಲ್ಲಿ ಜಾಸ್ತಿ ನೀರು ಹಾಕಬಾರದು."

ಕಾಗದದ ಕೊನೆಯಲ್ಲಿ ಅವರು ಕೇಳಿದ್ದಾರೆ: "ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ನೀರು ಬಳಸೋದು ಸೊಸೆ ಕಲಿಸಬೇಕೆ? ಹೋಗೋದೇ ಬೇಡ ಅನ್ನಿಸಿದೆ. ಹೋದರೂ ಆ ಹತ್ತು ದಿನ ನೀರು ಕುಡಿಯೋದನ್ನೇ ಕಡಿಮೆ ಮಾಡಿಬಿಡ್ತೀನಿ. ಕಕ್ಕಸಿಗೆ ಹೋಗೋ ಗೋಜೇ ಬೇಡ."

ಈ ಕೊನೆಯ ಮಾತು ಓದಿದಾಗ ಉತ್ತರ ಬರೆಯಲೇಬೇಕು ಅನ್ನಿಸಿತು. ಈಗ ನಮ್ಮ ಸಣ್ಣ ಊರುಗಳಿಂದಲೂ ಎಷ್ಟೋ ತಾಯಂದಿರು ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲಿಕ್ಕೆ ಅಂತ ಅಲ್ಲಿಗೆ ಹೋಗಿಬರುತ್ತಾರೆ. ಇಂಥ ಗಾಡಿಮನೆ ಯಾರ ಪಾಲಿಗಾದರೂ ಬರಬಹುದು. ಅದರ ಹೊಟ್ಟೆಯಲ್ಲಿ ಏನಿದೆ ಅಂತ ಒಮ್ಮೆ ತಿಳಿದುಕೊಂಡರೆ ಭಯವೂ ಹೋಗುತ್ತದೆ, ಮನಸ್ತಾಪವೂ ಹೋಗುತ್ತದೆ.

ಮೂರು ತೊಟ್ಟಿಗಳು

ನಮ್ಮ ಮನೆಯಲ್ಲಿ ಬಚ್ಚಲ ನೀರು ತೂಬಿನೊಳಗೆ ಇಳಿದರೆ ಆಯಿತು, ನಮ್ಮ ಜವಾಬ್ದಾರಿ ಮುಗಿಯಿತು. ಚರಂಡಿಗೋ ಇಂಗುಗುಂಡಿಗೋ ಹೋಗಿ ಸೇರುತ್ತದೆ. ಗಾಡಿಮನೆಗೆ ಚರಂಡಿ ಎಲ್ಲಿಂದ ಬರಬೇಕು? ಅದಕ್ಕೇ ಬಳಸಿದ ನೀರನ್ನೆಲ್ಲ ಅದು ತನ್ನ ನೆಲದ ಕೆಳಗೆ ಹೊತ್ತುಕೊಂಡೇ ತಿರುಗುತ್ತದೆ.

ಸಾಮಾನ್ಯವಾಗಿ ಮೂರು ತೊಟ್ಟಿಗಳಿರುತ್ತವೆ. ಮೊದಲನೆಯದು ಒಳ್ಳೆಯ ನೀರಿನದು. ಎರಡನೆಯದು ಸಿಂಕು ಮತ್ತು ಸ್ನಾನದ ನೀರು ಬಂದು ಸೇರುವ ತೊಟ್ಟಿ. ಸೋಪು ಬೆರೆತು ಮಂಕಾಗಿರುವ ಈ ನೀರಿಗೆ ಅಲ್ಲಿಯವರು ಬೂದು ನೀರು ಎನ್ನುತ್ತಾರೆ. ಮೂರನೆಯದು ಕಕ್ಕಸಿನ ತೊಟ್ಟಿ. ಅದಕ್ಕೆ ಕಪ್ಪು ತೊಟ್ಟಿ ಎಂದು ಹೆಸರು. ಗಾಡಿಯಿಂದ ಗಾಡಿಗೆ ಅಳತೆ ಬೇರೆಯಾದರೂ ಸಣ್ಣ ಟ್ರೈಲರಿನಲ್ಲಿ ಒಂದೊಂದು ತೊಟ್ಟಿ ಹೆಚ್ಚುಕಡಿಮೆ 30 ಗ್ಯಾಲನ್ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಅಮೆರಿಕದ ಒಂದು ಗ್ಯಾಲನ್ ಅಂದರೆ 3.8 ಲೀಟರಿಗೆ ಹತ್ತಿರ. 30 ಗ್ಯಾಲನ್ ಅಂದರೆ ಸುಮಾರು 113 ಲೀಟರು. ನಮ್ಮ ಲೆಕ್ಕದಲ್ಲಿ ಏಳೆಂಟು ಕೊಡ ನೀರು, ಅಷ್ಟೆ!

ನಲ್ಲಿ ತಿರುಗಿಸಿದರೆ ಗುರ್ ಎಂಬ ಸದ್ದು ಕೇಳಿಸುತ್ತದೆ. ಗಾಬರಿ ಬೇಡ. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಪಂಪು ತೊಟ್ಟಿಯಿಂದ ನೀರನ್ನು ಎತ್ತುತ್ತಿರುತ್ತದೆ. ನಲ್ಲಿ ನಿಲ್ಲಿಸಿದ ಮೇಲೂ ಆಗಾಗ ಆ ಸದ್ದು ಬರುತ್ತಿದ್ದರೆ ಮಾತ್ರ ಮಗನಿಗೆ ಹೇಳಿ. ಎಲ್ಲೋ ನೀರು ಸೋರುತ್ತಿದೆ ಅಂತ ಅರ್ಥ.

ಬೂದು ತೊಟ್ಟಿ: ಇಲ್ಲಿ ಸೊಸೆಯ ಮಾತೇ ಸರಿ

ಈಗ ಒಂದು ಚಿಕ್ಕ ಲೆಕ್ಕ ಹಾಕೋಣ. ನಾಲ್ಕು ಜನ ಒಬ್ಬೊಬ್ಬರು 18 ಲೀಟರಿನ ಒಂದು ಬಕೆಟ್ಟಿನಲ್ಲಿ ಸ್ನಾನ ಮಾಡಿದರೆ 72 ಲೀಟರಾಯಿತು. ನಲ್ಲಿ ಬಿಟ್ಟುಕೊಂಡು ಎರಡು ಹೊತ್ತಿನ ಮುಸುರೆ ತೊಳೆದರೆ 40 ಲೀಟರು ಎಲ್ಲಿಗೂ ಸಾಲದು. ಕೈ, ಮುಖ, ಹಲ್ಲುಜ್ಜುವುದಕ್ಕೆ ಇನ್ನು 10 ಲೀಟರು. ಒಟ್ಟು 122. ಒಂದೇ ದಿನಕ್ಕೆ ಬೂದು ತೊಟ್ಟಿ ತುಂಬಿಹೋಯಿತು. ತುಂಬಿದರೆ ಆ ನೀರು ಸುಮ್ಮನಿರುತ್ತದೆಯೇ? ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ತೂಬು ಸ್ನಾನದ ಜಾಗದ್ದು. ಮುಸುರೆ ನೀರೆಲ್ಲ ಅಲ್ಲಿಂದ ಮೇಲಕ್ಕೆ ಬರುತ್ತದೆ. ಪಾಪ, ಸೊಸೆ ಪಟ್ಟಿ ಕೊಟ್ಟಿರುವುದು ಇದಕ್ಕೇ.

ಸ್ನಾನದ ವಿಷಯದಲ್ಲಿ ನಮ್ಮ ಹಳೆಯ ಪದ್ಧತಿಯೇ ಗೆದ್ದಿತು ಅನ್ನಬೇಕು. ತಲೆಯ ಮೇಲೆ ಷವರ್ ಬಿಟ್ಟುಕೊಂಡು ನಿಲ್ಲುವವರಿಗಿಂತ ಚಿಕ್ಕ ಬಕೆಟ್ಟಿನಲ್ಲಿ 9 ಲೀಟರು ನೀರಿಟ್ಟುಕೊಂಡು ಚೊಂಬಿನಲ್ಲಿ ಹೊಯ್ದುಕೊಳ್ಳುವವರಿಗೆ ಕಡಿಮೆ ನೀರು ಸಾಕು. ಸಣ್ಣ ಬಕೆಟ್ಟೊಂದನ್ನು ಇಡಲು ಮಗನಿಗೆ ಈಗಲೇ ಹೇಳಿ. ಷವರಿನಲ್ಲೇ ಮಾಡಬೇಕಾಗಿ ಬಂದರೆ ಮೈ ನೆನೆಸಿ ನೀರು ನಿಲ್ಲಿಸಿ, ಸೋಪು ಹಚ್ಚಿ ಉಜ್ಜಿ, ಆಮೇಲೆ ಮತ್ತೆ ಬಿಟ್ಟು ತೊಳೆದುಕೊಳ್ಳಿ. ಬಿಸಿನೀರು ಬರುವ ತನಕ ಹರಿಯುವ ತಣ್ಣೀರನ್ನು ಪಾತ್ರೆಯಲ್ಲಿ ಹಿಡಿದಿಟ್ಟರೆ ಅಡುಗೆಗೆ, ಕಾಫಿಗೆ ಆಗುತ್ತದೆ. ಸಣ್ಣ ಟ್ರೈಲರಿನ ಬಿಸಿನೀರಿನ ಹಂಡೆ ಹೆಚ್ಚಾಗಿ 6 ಗ್ಯಾಲನ್, ಅಂದರೆ 23 ಲೀಟರಿನಷ್ಟು ಮಾತ್ರ. ಒಬ್ಬರಾದ ಮೇಲೆ ಒಬ್ಬರು ಸ್ವಲ್ಪ ಬಿಡುವು ಕೊಟ್ಟು ಸ್ನಾನಕ್ಕೆ ಹೋಗಬೇಕು. ಎಲ್ಲರಿಗೂ ಬಿಸಿನೀರು ಸಿಗಬೇಕಲ್ಲ!

ಮುಸುರೆಯ ವಿಷಯಕ್ಕೆ ಬನ್ನಿ. ತಟ್ಟೆ ಬಟ್ಟಲುಗಳನ್ನು ಮೊದಲು ಕಾಗದದಿಂದ ಒರೆಸಿ ಕಸದ ಚೀಲಕ್ಕೆ ಹಾಕಿ. ಎರಡು ಟಬ್ಬು ಇಟ್ಟುಕೊಳ್ಳಿ. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ತಿಳಿನೀರು. ಮೊದಲು ಲೋಟ ಚಮಚ, ಆಮೇಲೆ ತಟ್ಟೆ, ಕೊನೆಗೆ ಜಿಡ್ಡಿನ ಬಾಣಲೆ. ಹೀಗೆ ಮಾಡಿದರೆ ಎರಡು ಹೊತ್ತಿಗೂ ಸೇರಿ 12 ಲೀಟರಿನಲ್ಲಿ ಮುಗಿಸಬಹುದು. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಪಾತ್ರೆಗಳ ಮೊದಲ ನೀರಿಗೆ ಇಟ್ಟುಕೊಳ್ಳಿ.

ಸಿಂಕಿನ ತೂತಿಗೆ ಸಣ್ಣ ಕಣ್ಣಿನ ಜಾಲರಿ ಇರಲೇಬೇಕು. ನಮ್ಮ ಒಗ್ಗರಣೆಯ ಸಾಸಿವೆ, ಕರಿಬೇವು, ಅನ್ನದ ಅಗುಳು ತೊಟ್ಟಿಗೆ ಇಳಿದರೆ ಅಲ್ಲೇ ಕೊಳೆತು ನಾರುತ್ತವೆ. ತೊಟ್ಟಿಯ ಬಾಗಿಲಿನಲ್ಲಿ ಕಾಳು ಸಿಕ್ಕಿಕೊಂಡರೆ ಬಾಗಿಲು ಸರಿಯಾಗಿ ಮುಚ್ಚದೆ ತೊಟ್ಟಿಕ್ಕಲು ಶುರುವಾಗುತ್ತದೆ. ಕರಿದ ಎಣ್ಣೆ, ತುಪ್ಪದ ಜಿಡ್ಡು ಬಿಸಿಯಿದ್ದಾಗ ನೀರಿನ ಹಾಗೆ ಇಳಿದುಹೋಗುತ್ತದೆ. ಕೆಳಗೆ ತಣ್ಣಗಾದ ಮೇಲೆ ಮೇಣದ ಹಾಗೆ ಕೊಳವೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಎಣ್ಣೆಯನ್ನು ಹಳೆಯ ಡಬ್ಬಿಗೆ ಬಗ್ಗಿಸಿ ಕಸಕ್ಕೆ ಹಾಕಿ.

ಈ ಕ್ರಮದಲ್ಲಿ ನಾಲ್ಕು ಜನರ ಸ್ನಾನಕ್ಕೆ 36, ಪಾತ್ರೆಗೆ 12, ಕೈಮುಖಕ್ಕೆ 8, ಒಟ್ಟು 56 ಲೀಟರು. ಒಂದು ದಿನಕ್ಕೆ ತುಂಬುತ್ತಿದ್ದ ತೊಟ್ಟಿ ಎರಡು ದಿನ ಬಂತು ನೋಡಿ.

ಕಪ್ಪು ತೊಟ್ಟಿ: ಇಲ್ಲಿ ಅತ್ತೆಯ ಚೊಂಬೇ ಸರಿ

ಇನ್ನು ಕಕ್ಕಸಿನ ಮಾತು. ಇದರಲ್ಲಿ ನಾಚಿಕೆಪಟ್ಟರೆ ಕೆಲಸ ಕೆಡುತ್ತದೆ. "ನೀರು ಉಳಿಸಬೇಕು" ಅನ್ನುವ ಮಾತು ಬೂದು ತೊಟ್ಟಿಗೆ ಎಷ್ಟು ನಿಜವೋ ಕಪ್ಪು ತೊಟ್ಟಿಗೆ ಅಷ್ಟು ನಿಜವಲ್ಲ. ಇದನ್ನು ಎಷ್ಟೋ ಜನ ಹೊಸದಾಗಿ ಟ್ರೈಲರ್ ಕೊಂಡವರು ಅರಿಯರು. ಕಕ್ಕಸಿನಲ್ಲಿ ತೀರ ಕಡಿಮೆ ನೀರು ಹಾಕಿದರೆ ಮಲ, ಕಾಗದ ಎಲ್ಲ ಗುಂಡಿಯ ನೇರ ಕೆಳಗೆ ಹುತ್ತದ ಹಾಗೆ ಗುಡ್ಡೆ ಬೀಳುತ್ತದೆ. ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ತೊಟ್ಟಿಯ ಬಾಗಿಲು ತೆಗೆದರೂ ಬರೀ ನೀರು ಹರಿದುಹೋಗಿ ಗಟ್ಟಿ ಭಾಗ ಅಲ್ಲೇ ಕೂತಿರುತ್ತದೆ. ನೀರು ಸಾಕಷ್ಟಿದ್ದರೆ ಎಲ್ಲ ಕದಡಿ ತೇಲಿಕೊಂಡು ಒಟ್ಟಿಗೆ ಹೊರಬೀಳುತ್ತದೆ.

ಆದ್ದರಿಂದ ಹೋಗುವ ಮೊದಲು ಗುಂಡಿಯಲ್ಲಿ ಒಂದು ಚೊಂಬು ನೀರಿರಲಿ. ಆದಮೇಲೆ ಕಾಲಿನ ಪೆಡಲನ್ನು ಪೂರ್ತಿ ಒತ್ತಿ ಕೆಲವು ಕ್ಷಣ ಹಿಡಿಯಿರಿ. ನೀರಿನಲ್ಲಿ ತೊಳೆದುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ತೊಂದರೆ ಕೊಡುವುದಿಲ್ಲ, ಉಪಕಾರವನ್ನೇ ಮಾಡುತ್ತದೆ. ಕಾಗದವೂ ಕಡಿಮೆಯಾಗುತ್ತದೆ, ತೊಟ್ಟಿಗೆ ನೀರೂ ಸೇರುತ್ತದೆ. ಒಂದೇ ಎಚ್ಚರಿಕೆ ಅಂದರೆ ನೆಲಕ್ಕೆ ನೀರು ಚೆಲ್ಲಬಾರದು. ಎಷ್ಟೋ ಗಾಡಿಗಳಲ್ಲಿ ನೆಲ ಮರದ ಹಲಗೆಯದು. ನೀರು ಇಳಿದರೆ ಕೊಳೆಯುತ್ತದೆ. ಅಗಲ ಬಾಯಿನ ಚೊಂಬಿಗಿಂತ ಮೂತಿಯಿರುವ ಗಿಂಡಿ ಒಳ್ಳೆಯದು. ಪ್ಲಾಸ್ಟಿಕ್ಕಿನದಾದರೆ ಪ್ರಯಾಣದಲ್ಲಿ ಹಗುರ. ಹಾಗಂತ ಧಾರಾಳವಾಗಿ ಸುರಿಯಬಾರದು. ಒಂದು ಸಲಕ್ಕೆ ಸರಾಸರಿ ಒಂದೂವರೆ ಲೀಟರಿನಂತೆ ನಾಲ್ಕು ಜನರಿಗೆ ದಿನಕ್ಕೆ 30 ಲೀಟರು ಆಗಬಹುದು. ಮೂರರಲ್ಲಿ ಎರಡು ಪಾಲು ತುಂಬುವುದಕ್ಕೆ ಎರಡೂವರೆ ದಿನ ಬೇಕು. ಅಷ್ಟರಲ್ಲಿ ಖಾಲಿ ಮಾಡಿದರೆ ಸರಿ.

ಗುಂಡಿಯೊಳಗೆ ಏನು ಹಾಕಬಾರದು? ಒದ್ದೆ ಟಿಶ್ಯೂ, ಹತ್ತಿ, ಮುಟ್ಟಿನ ಪ್ಯಾಡು, ಮಗುವಿನ ಡಯಾಪರು, ಕೂದಲು, ಮಿಕ್ಕ ಸಾರು ಮಜ್ಜಿಗೆ ಇವು ಯಾವುದೂ ಬೇಡ. ಬಳಸುವ ಕಾಗದ ಕರಗುವಂಥದ್ದೋ ಅಲ್ಲವೋ ಎಂದು ನೋಡಬೇಕಾದರೆ ಎರಡು ಚೂರನ್ನು ನೀರಿನ ಬಾಟಲಿಗೆ ಹಾಕಿ ಕುಲುಕಿ. ನಾರುನಾರಾಗಿ ಬಿಟ್ಟುಕೊಂಡರೆ ಒಳ್ಳೆಯದು. ಹಾಗೇ ಉಳಿದರೆ ಬೇಡ. ಗೋಡೆಯ ಮೇಲೆ ತೊಟ್ಟಿ ಎಷ್ಟು ತುಂಬಿದೆ ಎಂದು ತೋರಿಸುವ ದೀಪಗಳಿರುತ್ತವೆ. ತೊಟ್ಟಿಯ ಪಕ್ಕಕ್ಕೆ ಕಾಗದ ಅಂಟಿಕೊಂಡರೆ ಅವು ಸುಳ್ಳು ಹೇಳುತ್ತವೆ. ಎಷ್ಟು ದಿನವಾಯಿತು ಅಂತ ನೀವೇ ಒಂದು ಲೆಕ್ಕ ಇಟ್ಟುಕೊಳ್ಳಿ.

ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ

ಕಾಗದ ಬರೆದ ಸೋದರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಕಕ್ಕಸಿನ ಸಂಕೋಚಕ್ಕೆ ನೀರು ಬಿಡುವುದು ನಮ್ಮ ಹೆಂಗಸರ ಹಳೆಯ ಚಾಳಿ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಬೀಗರ ಮನೆಯಲ್ಲಿ ಹೀಗೇ ಮಾಡುತ್ತೇವೆ. ಉರಿಮೂತ್ರ, ಮೂತ್ರಕೋಶದ ಸೋಂಕು, ಮಲಬದ್ಧತೆ, ತಲೆಸುತ್ತು ಇವಕ್ಕೆ ದಾರಿ ಇದೇ. ವಯಸ್ಸಾದವರಿಗೆ ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 7000 ಅಡಿ ಎತ್ತರದಲ್ಲಿದೆ. ಒಣ ಗಾಳಿ. ಬೆವರು ಕಾಣಿಸುವ ಮೊದಲೇ ಆರಿಹೋಗುತ್ತದೆ. ಮೈಯಿಂದ ನೀರು ಹೋದದ್ದು ಗೊತ್ತೇ ಆಗುವುದಿಲ್ಲ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಅಳತೆ ಹೇಳಿಸಿಕೊಂಡವರು ವೈದ್ಯರ ಮಾತಿನಂತೆ ನಡೆಯಲಿ. ಮಿಕ್ಕವರು ಬಾಟಲಿ ಪಕ್ಕದಲ್ಲಿಟ್ಟುಕೊಂಡು ಆಗಾಗ ಗುಟುಕರಿಸುತ್ತಿರಿ. ತೊಟ್ಟಿ ತುಂಬಿದರೆ ಖಾಲಿ ಮಾಡಬಹುದು. ಪರದೇಶದಲ್ಲಿ ಆಸ್ಪತ್ರೆ ಸೇರಿದರೆ ಆಗುವ ಖರ್ಚು, ಗಾಬರಿ ಎರಡೂ ದೊಡ್ಡದು.

ವಾಸನೆ ಬಂದರೆ ಏನು ಮಾಡಬೇಕು?

ಸಿಂಕಿನ ಕೆಳಗೆ ಬಗ್ಗಿ ನೋಡಿದರೆ ಕೊಳವೆ ಒಂದು ಕಡೆ ಬಗ್ಗಿ ಮೇಲೆದ್ದಿರುತ್ತದೆ. ಆ ಬಗ್ಗಿನಲ್ಲಿ ನಿಂತ ನೀರೇ ಬಾಗಿಲು. ಕೆಳಗಿನ ದುರ್ಗಂಧವನ್ನು ಅದು ಮೇಲೆ ಬಿಡುವುದಿಲ್ಲ. ಈ ಉಪಾಯ ಹಳೆಯದು. 1775ರಲ್ಲಿ ಲಂಡನ್ನಿನಲ್ಲಿ ಗಡಿಯಾರ ತಯಾರಿಸುತ್ತಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಎಂಬಾತ ಕಕ್ಕಸಿನ ಕೊಳವೆಯನ್ನು ಹೀಗೆ ಬಗ್ಗಿಸಿ ಪೇಟೆಂಟ್ ಪಡೆದ. ನಮ್ಮ ಬಚ್ಚಲಿಗೆ ಪ್ಲಂಬರು ಹಾಕುವ ನಹನಿ ಟ್ರ್ಯಾಪ್ ಮಾಡುವ ಕೆಲಸವೂ ಇದೇ.

ಗಾಡಿಮನೆ ಕುಲುಕಾಡುವಾಗ ಈ ನೀರು ಚೆಲ್ಲಿಹೋಗಬಹುದು. ಬಹಳ ದಿನ ನಿಲ್ಲಿಸಿದ್ದರೆ ಒಣಗಬಹುದು. ವಾಸನೆ ಬಂತೆಂದು ಅಗರಬತ್ತಿ ಹಚ್ಚಬೇಡಿ. ಸಿಂಕಿಗೂ ಸ್ನಾನದ ತೂಬಿಗೂ ಒಂದೊಂದು ಲೋಟ ನೀರು ಹಾಕಿ. ಟ್ರೈಲರಿನ ಕಕ್ಕಸಿಗೆ ಮಾತ್ರ ಹೆಚ್ಚಾಗಿ ಇಂಥ ಬಗ್ಗು ಇರುವುದಿಲ್ಲ. ಗುಂಡಿಯ ತಳದ ಮುಚ್ಚಳದ ಮೇಲೆ ನಿಂತ ಸ್ವಲ್ಪ ನೀರೇ ಅದಕ್ಕೆ ರಕ್ಷೆ. ಆ ನೀರು ಸದಾ ಇರಲಿ. ತೊಟ್ಟಿಯ ಗಾಳಿ ಹೊರಹೋಗಲು ಮಾಡಿನ ಮೇಲೆ ಒಂದು ಕೊಳವೆ ಇರುತ್ತದೆ. ಪೆಡಲ್ ಒತ್ತುವಾಗ ಮಾಡಿನ ಫ್ಯಾನು ತಿರುಗುತ್ತಿದ್ದರೆ ಅದು ತೊಟ್ಟಿಯ ಗಾಳಿಯನ್ನೇ ಒಳಗೆ ಎಳೆಯುತ್ತದೆ. ಫ್ಯಾನು ನಿಲ್ಲಿಸಿ ಒತ್ತಿ.

ಇದೇ ಮಾತಿಗೆ ಊರಿನ ಮನೆಗೂ ಒಂದು ಸಲಹೆ. ಮೂರು ತಿಂಗಳು ಮನೆ ಬೀಗ ಹಾಕಿ ಹೋಗುವವರು ಬಚ್ಚಲು, ಸಿಂಕು, ಕಕ್ಕಸು ಎಲ್ಲ ತೂಬಿಗೂ ನೀರು ಹಾಕಿ ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪೊರೆ ಕಟ್ಟಿದರೆ ನೀರು ಬೇಗ ಆರುವುದಿಲ್ಲ. ಬಂದು ಬಾಗಿಲು ತೆಗೆದಾಗ ಗಬ್ಬುವಾಸನೆಯೂ ಇರುವುದಿಲ್ಲ, ಚರಂಡಿಯ ಜಿರಲೆಯೂ ಮೇಲೆ ಬಂದಿರುವುದಿಲ್ಲ.

ಖಾಲಿ ಮಾಡುವ ಕ್ರಮ

ಇದು ಗಂಡಸರ ಕೆಲಸ ಅಂತ ಅತ್ತ ಮುಖ ತಿರುಗಿಸಬೇಡಿ. ಮಾಡದಿದ್ದರೂ ತಿಳಿದಿರಬೇಕು. ತೊಟ್ಟಿ ಖಾಲಿ ಮಾಡಲು ಅಲ್ಲಲ್ಲಿ ಪ್ರತ್ಯೇಕ ಜಾಗಗಳಿವೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಲ್ಲಿರುವ ಟ್ರೈಲರ್ ವಿಲೇಜಿನಲ್ಲಿ ಒಂದೊಂದು ಗಾಡಿಗೂ ನೀರು, ವಿದ್ಯುತ್ತು, ಚರಂಡಿಯ ಜೋಡಣೆ ಉಂಟು. ಅಲ್ಲೇ ಇರುವ ಮೇದರ್ ಶಿಬಿರದಲ್ಲಿ ಆ ಜೋಡಣೆ ಇಲ್ಲ. ತೊಟ್ಟಿ ಖಾಲಿ ಮಾಡುವ ಜಾಗ ಮಾತ್ರ ಉಂಟು. ಎಲ್ಲಿ ಇಳಿಯುತ್ತೀರಿ ಎಂದು ಕೇಳಿಕೊಂಡರೆ ಎಷ್ಟು ಬಿಗಿಯಾಗಿ ನೀರು ಬಳಸಬೇಕು ಎಂಬುದು ತಿಳಿಯುತ್ತದೆ.

1. ಕೈಗೆ ರಬ್ಬರ್ ಗ್ಲೌಸು ಹಾಕಿ. ದಪ್ಪ ಕೊಳವೆಯ ಎರಡು ತುದಿಯನ್ನೂ ಭದ್ರಪಡಿಸಿ.
2. ಮೊದಲು ಕಪ್ಪು ತೊಟ್ಟಿಯ ಹಿಡಿಯನ್ನು ಎಳೆಯಿರಿ. ಸದ್ದು ಪೂರ್ತಿ ನಿಂತಮೇಲೆ ಮುಚ್ಚಿ.
3. ಆಮೇಲೆ ಬೂದು ತೊಟ್ಟಿ ಬಿಡಿ. ಸೋಪಿನ ನೀರು ಕೊಳವೆಯನ್ನು ತಾನೇ ತೊಳೆದುಕೊಂಡು ಹೋಗುತ್ತದೆ. ಕ್ರಮ ತಪ್ಪಿದರೆ ಈ ಉಪಕಾರ ಸಿಗುವುದಿಲ್ಲ.
4. ಮುಗಿದ ಮೇಲೆ ಕಪ್ಪು ತೊಟ್ಟಿಗೆ ಕಕ್ಕಸಿನ ಮೂಲಕ ಅರ್ಧ ಬಕೆಟ್ ಶುದ್ಧ ನೀರು ಹಾಕಿಡಿ. ಬರೀ ತಳದಲ್ಲಿ ಮಲ ಬಿದ್ದರೆ ಅಂಟಿಕೊಳ್ಳುತ್ತದೆ.
5. ಕುಡಿಯುವ ನೀರು ತುಂಬುವ ಪೈಪನ್ನು ಈ ಕೆಲಸಕ್ಕೆ ಎಂದೂ ಮುಟ್ಟಿಸಬೇಡಿ. ಎರಡನ್ನೂ ಬೇರೆ ಬೇರೆ ಕಡೆ ಇಡಿ.
6. ಚರಂಡಿಯ ಜೋಡಣೆ ಇರುವ ಕಡೆಯೂ ಕಪ್ಪು ತೊಟ್ಟಿಯ ಬಾಗಿಲು ಮುಚ್ಚೇ ಇರಲಿ. ತೆರೆದಿಟ್ಟರೆ ನೀರು ಹರಿದು ಗಟ್ಟಿ ಭಾಗ ಉಳಿಯುತ್ತದೆ.

"ಸೋಪಿನ ನೀರು ತಾನೇ, ಮರದ ಬುಡಕ್ಕೆ ಬಿಟ್ಟರಾಯಿತು" ಅಂತ ನಮಗೆ ಅನ್ನಿಸುತ್ತದೆ. ಆ ರಾಷ್ಟ್ರೀಯ ಉದ್ಯಾನಗಳಲ್ಲಿ ಅದು ಸಲ್ಲದು. ಊಟದ ವಾಸನೆಗೆ ಕಾಡುಪ್ರಾಣಿಗಳು ಬರುತ್ತವೆ. ಸಾಲು ಸಾಲು ಗಾಡಿಗಳು ಹಾಗೇ ಮಾಡಿದರೆ ನೆಲ ಏನಾಗಬೇಕು?

ಕೊನೆಯದಾಗಿ

ನಮ್ಮ ಹಿರಿಯರ ಮನೆಯಲ್ಲಿ ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿಗೆ ಹೋಗುತ್ತಿತ್ತು. ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗುತ್ತಿತ್ತು. ಯಾವ ನೀರು ಎಲ್ಲಿ ಸೇರುತ್ತದೆ ಎಂದು ಮನೆಯ ಮಗುವಿಗೂ ಗೊತ್ತಿತ್ತು. ಪೈಪು ಬಂದ ಮೇಲೆ ನಾವು ಅದನ್ನು ಮರೆತೆವು. ಗಾಡಿಮನೆಯಲ್ಲಿ ಅದನ್ನು ಮರೆಯುವ ಹಾಗಿಲ್ಲ.

ಕಾಗದ ಬರೆದ ಸೋದರಿ, ಸೊಸೆಯ ಪಟ್ಟಿಯಲ್ಲಿ ನಿಮ್ಮನ್ನು ಹೀಯಾಳಿಸುವ ಮಾತು ಒಂದೂ ಇಲ್ಲ. ಅದು ಏಳೆಂಟು ಕೊಡ ಹಿಡಿಯುವ ತೊಟ್ಟಿಯ ಮಾತು. ಮೂರು ಮಾತು ಅವಳದು ಸರಿ, ನಾಲ್ಕನೆಯದು ಅರ್ಧ ಸರಿ. ಅದನ್ನೂ ಹೇಳಿ. ಹೊರಡುವ ಮೊದಲು ಒಮ್ಮೆ ಫೋನು ಮಾಡಿ, "ತೊಟ್ಟಿ ಎಷ್ಟು ಗ್ಯಾಲನ್ನಿನದಮ್ಮ? ಎಷ್ಟು ದಿನಕ್ಕೆ ಖಾಲಿ ಮಾಡ್ತೀರಿ? ಒಂದು ಸಣ್ಣ ಬಕೆಟ್ಟು, ಎರಡು ಟಬ್ಬು ಇಟ್ಟಿರು. ಗಿಂಡಿ ನಾನು ತರ್ತೀನಿ" ಅನ್ನಿ. ಅತ್ತೆಗೆ ಇಷ್ಟೆಲ್ಲ ಗೊತ್ತೇ ಅಂತ ಅವಳಿಗೆ ಆಶ್ಚರ್ಯವಾಗಲಿ! ಪಾತ್ರೆ ತೊಳೆಯುವಾಗ ನೀವಿಬ್ಬರೂ ಅಕ್ಕಪಕ್ಕ ನಿಂತರೆ ಒಂದು ಟಬ್ಬು ಅವಳಿಗೆ, ಒಂದು ನಿಮಗೆ. ಹೋಗಿಬನ್ನಿ, ಬಂದಮೇಲೆ ಕಾಗದ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ: ಪ್ರಯಾಣದಲ್ಲಿ ಎರಡೇ ಪಾತ್ರೆಯಲ್ಲಿ ಮುಗಿಯುವ ಅಡುಗೆಗಳು.